ಎಡಗೈಗೂ ತಿಳಿಯಬೇಕಾದ ದಾನ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಯೇಸುವಿನ ಬೆಟ್ಟದ ಮೇಲಿನ ಬೋಧನೆಯಲ್ಲೂ ಇದೇ ಅರ್ಥದ ಮಾತು ಬರುತ್ತದೆ. ಕೊಟ್ಟವನ ಅಹಂಕಾರಕ್ಕೆ ಹಾಕಿದ ಕಡಿವಾಣ ಅದು. ಬಾಗಿಲಿಗೆ ಬಂದ ಹಸಿದವನಿಗೆ ತುತ್ತು ನೀಡುವಾಗ ಇದಕ್ಕಿಂತ ದೊಡ್ಡ ನೀತಿ ಬೇಕಿಲ್ಲ. ಆದರೆ ಕೊಡುವ ಕೈ ಒಂದು ಖಂಡದಲ್ಲಿ, ಉಣ್ಣುವ ಬಾಯಿ ಇನ್ನೊಂದು ಖಂಡದಲ್ಲಿ, ನಡುವೆ ಒಂದು ಯುದ್ಧ ಇದ್ದಾಗಲೂ ಅದೇ ನೀತಿ ಸಾಕೆ? ಈ ಪ್ರಶ್ನೆಗೆ ಅತ್ಯಂತ ಕಠಿಣ ರೂಪದಲ್ಲಿ ಮುಖಾಮುಖಿಯಾದದ್ದು 1968ರಿಂದ 1970ರವರೆಗೆ ಬಯಾಫ್ರಾಕ್ಕೆ ಅನ್ನ ಹೊತ್ತು ಹಾರಿದ ಚರ್ಚುಗಳ ಒಕ್ಕೂಟ. ಅದರ ಹೆಸರು ಜಾಯಿಂಟ್ ಚರ್ಚ್ ಏಡ್. ಅದು ಮಾಡಿದ್ದು ಸರಿಯೇ ತಪ್ಪೇ ಎಂಬ ವಾದ ಅರ್ಧ ಶತಮಾನ ಕಳೆದರೂ ಮುಗಿದಿಲ್ಲ. ಆ ವಾದಕ್ಕೆ ನಾವೂ ಕಿವಿಗೊಡಬೇಕು ಎಂಬುದು ನನ್ನ ಭಾವನೆ. ಏಕೆಂದರೆ ದೂರದ ಹಸಿವಿಗೆ ಮಿಡಿದು ಹಣ ಕಳಿಸುವ ಪ್ರತಿಯೊಬ್ಬನೂ ಆ ಪ್ರಶ್ನೆಯ ಒಂದು ತುಣುಕಿಗೆ ಉತ್ತರ ಕೊಡಬೇಕಾದವನೇ.

ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆಯನ್ನು ಓದಿದ ಕನ್ನಡಿಗರಿಗೆ ಇಗ್ಬೋ ಜನ ಅಪರಿಚಿತರಲ್ಲ. 1960ರಲ್ಲಿ ಸ್ವತಂತ್ರವಾದ ನೈಜೀರಿಯಾ 1966ರಲ್ಲಿ ಎರಡು ಸೈನಿಕ ಕ್ರಾಂತಿಗಳನ್ನು ಕಂಡಿತು. ಅದೇ ವರ್ಷ ದೇಶದ ಉತ್ತರ ಭಾಗದಲ್ಲಿ ನೆಲೆಸಿದ್ದ ಇಗ್ಬೋ ಜನರ ಸಾಮೂಹಿಕ ಹತ್ಯೆ ನಡೆಯಿತು. ಬದುಕುಳಿದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಮ್ಮ ಪೂರ್ವ ಪ್ರಾಂತಕ್ಕೆ ಓಡಿಬಂದರು. 1967ರ ಮೇ 30ರಂದು ಆ ಪ್ರಾಂತದ ಸೇನಾ ರಾಜ್ಯಪಾಲ ಒಜುಕ್ವು ಬಯಾಫ್ರಾ ಎಂಬ ಪ್ರತ್ಯೇಕ ದೇಶವನ್ನು ಘೋಷಿಸಿದರು. ಜುಲೈ 6ಕ್ಕೆ ಯುದ್ಧ ಶುರುವಾಯಿತು. ಆ ನೆಲದ ಕೆಳಗೆ ಪೆಟ್ರೋಲಿಯಂ ಇತ್ತು. ಹೀಗಾಗಿ ಹೊರಗಿನವರಿಗೂ ಈ ಯುದ್ಧದಲ್ಲಿ ಆಸಕ್ತಿಯಿತ್ತು. ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ನೈಜೀರಿಯಾಕ್ಕೆ ಶಸ್ತ್ರ ಕೊಟ್ಟವು. ಫ್ರಾನ್ಸ್ ಗುಟ್ಟಾಗಿ ಬಯಾಫ್ರಾದ ಬೆನ್ನಿಗೆ ನಿಂತಿತು.

1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ನಗರ ಬಯಾಫ್ರಾದ ಕೈತಪ್ಪಿತು. ಅಲ್ಲಿಗೆ ಸಮುದ್ರದ ದಾರಿ ಮುಚ್ಚಿತು. ನಾಲ್ಕೂ ಕಡೆ ಸೇನೆ, ನಡುವೆ ದಿನದಿನಕ್ಕೆ ಕಿರಿದಾಗುತ್ತಿದ್ದ ನೆಲ, ಅದರೊಳಗೆ ಒತ್ತೊತ್ತಾಗಿ ಸೇರಿಕೊಂಡ ನಿರಾಶ್ರಿತರು. ಆ ಜನರಿಗೆ ಗೆಣಸು, ಮರಗೆಣಸು ಹೇಗೋ ಸಿಗುತ್ತಿದ್ದವು. ಮೀನು, ಮಾಂಸ, ಉಪ್ಪು ಹೊರಗಿನಿಂದ ಬರಬೇಕಿತ್ತು, ಬರಲಿಲ್ಲ. ಪ್ರೋಟೀನು ಸಿಗದ ಮಕ್ಕಳ ಹೊಟ್ಟೆ ಊದಿತು, ಕಾಲು ಬಾತಿತು, ಕಪ್ಪು ಕೂದಲು ಕೆಂಚಾಯಿತು. ಕ್ವಾಶಿಯೋರ್ಕರ್ ಎಂಬ ಆ ಕಾಯಿಲೆಯ ಹೆಸರನ್ನು ಜಗತ್ತು ಕಲಿತದ್ದು ಬಯಾಫ್ರಾದ ಮಕ್ಕಳ ಚಿತ್ರಗಳಿಂದ. ಆ ಯುದ್ಧದಲ್ಲಿ ಹಸಿವಿನಿಂದ ಸತ್ತವರು ಐದು ಲಕ್ಷ ಎನ್ನುವವರಿದ್ದಾರೆ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎನ್ನುವವರೂ ಇದ್ದಾರೆ. ಲೆಕ್ಕ ಎಷ್ಟೇ ಇರಲಿ, ಗುಂಡಿಗಿಂತ ಹಸಿವೇ ಹೆಚ್ಚು ಜನರನ್ನು ಕೊಂದಿತು ಎಂಬುದರಲ್ಲಿ ಜಗಳವಿಲ್ಲ.

ಚರ್ಚುಗಳು ಈ ಯುದ್ಧದೊಳಗೆ ಹೊರಗಿನಿಂದ ಬಂದು ಸೇರಿದವಲ್ಲ, ಮೊದಲೇ ಅಲ್ಲಿದ್ದವು. ಐರ್ಲೆಂಡಿನ ಹೋಲಿ ಘೋಸ್ಟ್ ಸಭೆಯ ಪಾದ್ರಿಗಳು ಹಳ್ಳಿಹಳ್ಳಿಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಕೊಂಡು ದಶಕಗಳಿಂದ ನೆಲೆಸಿದ್ದರು. ಪ್ರೊಟೆಸ್ಟೆಂಟರೂ ಇದ್ದರು. ಯುದ್ಧ ಬಂದಾಗ ರಾಯಭಾರಿಗಳು, ವ್ಯಾಪಾರಿಗಳು ಹೊರಟುಹೋದರು. ಬಹುಪಾಲು ಪಾದ್ರಿಗಳು, ಸಿಸ್ಟರುಗಳು ಉಳಿದರು. ಅವರ ಪತ್ರಗಳ ಮೂಲಕವೇ ಯೂರೋಪಿನ ಚರ್ಚುಗಳಿಗೆ ಈ ಹಸಿವಿನ ಸುದ್ದಿ ಮುಟ್ಟಿತು. ಕ್ಯಾಥೋಲಿಕರ ಕಾರಿಟಾಸ್, ಅಮೆರಿಕದ ಕ್ಯಾಥೋಲಿಕ್ ರಿಲೀಫ್ ಸರ್ವಿಸಸ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡಿನ ಚರ್ಚುಗಳು ಸೇರಿ ಕಟ್ಟಿದ ನಾರ್ಡ್‌ಚರ್ಚ್‌ಏಡ್, ಜೊತೆಗೆ ಇನ್ನೂ ಹಲವು ಸಂಸ್ಥೆಗಳು ಒಂದಾದವು. ನಾಲ್ಕು ಶತಮಾನಗಳಿಂದ ಮುನಿಸಿಕೊಂಡಿದ್ದ ಕ್ಯಾಥೋಲಿಕರೂ ಪ್ರೊಟೆಸ್ಟೆಂಟರೂ ಒಂದೇ ವಿಮಾನಕ್ಕೆ ಒಟ್ಟಿಗೆ ಮೂಟೆ ಏರಿಸಿದರು. ಒಕ್ಕೂಟದ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳಾದ ಜೆಸಿಎ ನೋಡಿದ ಪೈಲಟ್‌ಗಳು ಅದನ್ನು ಜೀಸಸ್ ಕ್ರೈಸ್ಟ್ ಏರ್‌ಲೈನ್ಸ್ ಎಂದು ಕರೆದರು.

ಆ ಹಾರಾಟದ ಕಷ್ಟವನ್ನು ಊಹಿಸಿಕೊಳ್ಳಬೇಕು. ಗಿನಿ ಕೊಲ್ಲಿಯಲ್ಲಿ ಆಗ ಪೋರ್ಚುಗಲ್ ವಶದಲ್ಲಿದ್ದ ಸಾವೊ ಟೊಮೆ ಎಂಬ ದ್ವೀಪದಿಂದ ಸಂಜೆ ಹೊರಟ ವಿಮಾನಗಳು ದೀಪ ಆರಿಸಿಕೊಂಡು ಬಯಾಫ್ರಾದ ಒಳಗೆ ನುಗ್ಗುತ್ತಿದ್ದವು. ಇಳಿಯಬೇಕಾದದ್ದು ಊಲಿಯಲ್ಲಿ. ಹೆದ್ದಾರಿಯ ಒಂದು ತುಂಡನ್ನು ಅಗಲಿಸಿ ಮಾಡಿದ ಓಡುಹಾದಿ ಅದು. ಇಳಿಯುವ ಕೆಲವೇ ಕ್ಷಣ ಮುಂಚೆ ನೆಲದ ದೀಪ ಹೊತ್ತಿಕೊಳ್ಳುತ್ತಿತ್ತು, ಚಕ್ರ ನೆಲ ಮುಟ್ಟುತ್ತಲೇ ಆರುತ್ತಿತ್ತು. ಮೇಲೆ ನೈಜೀರಿಯಾದ ಬಾಂಬರ್ ಕಾಯುತ್ತಿತ್ತು. ಕೆಳಗೆ ಪಾದ್ರಿಗಳು ಲಾರಿಗಳೊಂದಿಗೆ ನಿಂತಿರುತ್ತಿದ್ದರು. ನಾರ್ವೆಯ ಒಣಮೀನು, ಹಾಲಿನ ಪುಡಿ, ಹುರುಳಿಕಾಯಿ ಬೀಜ, ಉಪ್ಪು, ಔಷಧಿ ಇಳಿಸಿಕೊಂಡು ಬೆಳಗಾಗುವ ಮುಂಚೆ ಹಳ್ಳಿಯ ಗಂಜಿ ಕೇಂದ್ರಗಳಿಗೆ ಸಾಗಿಸಬೇಕಿತ್ತು. ಕೆಲವು ರಾತ್ರಿ ನಲವತ್ತು, ಐವತ್ತು ವಿಮಾನಗಳು ಅಲ್ಲಿ ಇಳಿದು ಏರಿದ್ದುಂಟು. ಯುದ್ಧ ಮುಗಿಯುವ ಹೊತ್ತಿಗೆ ಚರ್ಚುಗಳ ವಿಮಾನಗಳು ಸುಮಾರು 5,300 ಬಾರಿ ಹಾರಿ, ಸುಮಾರು 60,000 ಟನ್ ಸಾಮಗ್ರಿ ಮುಟ್ಟಿಸಿದ್ದವು. ಈ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿಮಾನ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ಇಷ್ಟನ್ನು ಓದಿದಾಗ ಕೈಮುಗಿಯಬೇಕು ಅನ್ನಿಸುತ್ತದೆ. ಮುಗಿಯಲೂಬೇಕು. ಆದರೆ ವಿಚಾರ ಅಲ್ಲಿಗೆ ನಿಲ್ಲಬಾರದು.

ನಮ್ಮಲ್ಲಿ ಚರ್ಚಿನ ನೆರವು ಎಂದೊಡನೆ ಮೊದಲು ಏಳುವುದು ಮತಾಂತರದ ಪ್ರಶ್ನೆ. ಅದು ಆಧಾರವಿಲ್ಲದ ಅನುಮಾನವೇನಲ್ಲ. ಮೈಸೂರು ಸೀಮೆಯ 1876-78ರ ಧಾತು ಈಶ್ವರ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಷನ್‌ಗಳು ಸಾಕಿದವು. ಆ ಮಕ್ಕಳು ಬೆಳೆದದ್ದು ಸಾಕಿದವರ ಧರ್ಮದಲ್ಲಿ. ಅದನ್ನು ಕರುಣೆ ಎನ್ನಬೇಕೋ ಹಸಿವಿನ ಲಾಭ ಎನ್ನಬೇಕೋ ಎಂಬ ಚರ್ಚೆ ಇಂದಿಗೂ ಇದೆ. ಬಯಾಫ್ರಾದಲ್ಲಿ ಈ ತೊಡಕು ಇರಲಿಲ್ಲ. ಇಗ್ಬೋ ಜನರಲ್ಲಿ ಬಹುಪಾಲು ಆಗಲೇ ಕ್ರೈಸ್ತರಾಗಿದ್ದರು. ಹಾಲಿನ ಪುಡಿ ಕೊಟ್ಟು ಗೆಲ್ಲಬೇಕಾದ ಆತ್ಮಗಳು ಅಲ್ಲಿರಲಿಲ್ಲ. ಆದ್ದರಿಂದಲೇ ನೆರವಿನ ಮೂಲಭೂತ ಇಕ್ಕಟ್ಟು ಅಲ್ಲಿ ಯಾವ ಹೊದಿಕೆಯೂ ಇಲ್ಲದೆ ಕಾಣುತ್ತದೆ. ಕೊಡುವವನ ಮನಸ್ಸು ಪೂರ್ತಿ ಶುದ್ಧವಾಗಿದ್ದರೂ ಕೊಟ್ಟದ್ದರಿಂದ ಕೇಡು ಆಗಬಹುದೆ?

ಆಗಿದೆ ಎಂಬುದು ಚರ್ಚುಗಳ ಮೇಲಿನ ಆರೋಪ. ಅನ್ನ ಬರದಿದ್ದರೆ ಬಯಾಫ್ರಾ 1968ರಲ್ಲೇ ಶರಣಾಗುತ್ತಿತ್ತು, ಬಂದದ್ದರಿಂದ ಯುದ್ಧ ಇನ್ನೂ ಒಂದೂವರೆ ವರ್ಷ ಎಳೆಯಿತು, ಉಳಿಸಿದ ಜೀವಗಳಿಗಿಂತ ಆ ಅವಧಿಯಲ್ಲಿ ಸತ್ತವರೇ ಹೆಚ್ಚು ಎಂದು ವಿಮರ್ಶಕರು ವಾದಿಸಿದ್ದಾರೆ. ಇದನ್ನು ಕಲ್ಲು ಹೃದಯದವರ ಮಾತೆಂದು ತಳ್ಳಿಹಾಕುವಂತಿಲ್ಲ. ಸಂಗತಿಗಳು ಹೀಗಿವೆ. 1968ರ ಆರಂಭದಲ್ಲಿ ಕಾರಿಟಾಸ್ ತನ್ನ ಮೂಟೆಗಳನ್ನು ಸಾಗಿಸಲು ಹ್ಯಾಂಕ್ ವಾರ್ಟನ್ ಎಂಬ ಅಮೆರಿಕನ್ನನ ವಿಮಾನಗಳನ್ನು ಬಾಡಿಗೆಗೆ ಹಿಡಿಯಿತು. ಬಯಾಫ್ರಾಕ್ಕೆ ಶಸ್ತ್ರ ಸಾಗಿಸುತ್ತಿದ್ದವನೂ ಅವನೇ. ಮುಂದೆ ಚರ್ಚುಗಳು ಸ್ವಂತ ವಿಮಾನ ಮಾಡಿಕೊಂಡವು. ಆದರೂ ಇಳಿಯುವ ಓಡುಹಾದಿ ಒಂದೇ, ಇಳಿಯುವ ಇರುಳೂ ಒಂದೇ. ಅನ್ನದ ವಿಮಾನಗಳ ಸದ್ದಿನಲ್ಲಿ ಗುಂಡಿನ ವಿಮಾನಗಳು ಮರೆಯಾಗುತ್ತಿದ್ದವು. ಹಗಲು ಹಾರಿ, ನಾವು ತಪಾಸಣೆ ಮಾಡಿ ಬಿಡುತ್ತೇವೆ ಎಂದು ನೈಜೀರಿಯಾ ಹೇಳಿತು. ಒಜುಕ್ವು ಒಪ್ಪಲಿಲ್ಲ. ಹಗಲು ಅನ್ನಕ್ಕೆ, ಇರುಳು ಶಸ್ತ್ರಕ್ಕೆ ಎಂದು ಬೇರ್ಪಟ್ಟರೆ ಇರುಳಿನ ರಕ್ಷಣೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನೆಲದ ಮೂಲಕ ಆಹಾರ ತರುವ ದಾರಿಗೂ ಅವರು ಒಪ್ಪಲಿಲ್ಲ. ಆ ದಾರಿಯಲ್ಲಿ ಸೇನೆ ಬರುತ್ತದೆ, ಆಹಾರದಲ್ಲಿ ವಿಷ ಬರುತ್ತದೆ ಎಂಬ ಭಯವನ್ನು ಮುಂದಿಟ್ಟರು.

ಇನ್ನೂ ಸೂಕ್ಷ್ಮವಾದದ್ದು ಹಣದ ದಾರಿ. ನೆರವಿನ ಸಂಸ್ಥೆಗಳಿಗೆ ಸ್ಥಳೀಯವಾಗಿ ಗೆಣಸು ಕೊಳ್ಳಲು, ಕೂಲಿ ಕೊಡಲು ಬಯಾಫ್ರಾದ ನೋಟು ಬೇಕಿತ್ತು. ಅದಕ್ಕಾಗಿ ಅವು ವಿದೇಶಿ ಹಣವನ್ನು ಬಯಾಫ್ರಾ ಸರ್ಕಾರಕ್ಕೆ ಕೊಟ್ಟವು. ಆ ನೋಟಿಗೆ ಗಡಿಯಾಚೆ ಬೆಲೆಯಿರಲಿಲ್ಲ. ವಿದೇಶಿ ಹಣಕ್ಕೆ ಜಗತ್ತಿನ ಯಾವ ಶಸ್ತ್ರದ ಅಂಗಡಿಯಲ್ಲೂ ಬೆಲೆಯಿತ್ತು. ಭಾನುವಾರದ ಪ್ರಾರ್ಥನೆಯ ನಂತರ ಕೋಪನ್‌ಹೇಗನ್ನಿನ ಮುದುಕಿಯೊಬ್ಬಳು ಕಾಣಿಕೆ ಡಬ್ಬಿಗೆ ಹಾಕಿದ ನಾಣ್ಯ ಎಲ್ಲೋ ಒಂದು ತಿರುವಿನಲ್ಲಿ ತೋಟಾ ಆಗಿರಲಾರದು ಎಂದು ಯಾರೂ ಆಣೆ ಮಾಡಿ ಹೇಳುವಂತಿಲ್ಲ.

ಈ ಇಬ್ಬಗೆಯನ್ನು ಒಬ್ಬನೇ ಮನುಷ್ಯನ ಬದುಕಿನಲ್ಲಿ ನೋಡಬಹುದು. ಸ್ವೀಡನ್ನಿನ ಕಾರ್ಲ್ ಗುಸ್ತಾಫ್ ಫಾನ್ ರೋಸೆನ್ 1930ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಗಾಯಾಳುಗಳ ವಿಮಾನ ಹಾರಿಸಿದ್ದ ಪೈಲಟ್. 1968ರ ಆಗಸ್ಟ್‌ನಲ್ಲಿ ಚರ್ಚುಗಳ ಆಹಾರ ಹೊತ್ತು, ಮರಗಳ ತಲೆ ಸವರುವಷ್ಟು ಕೆಳಗೆ ಹಾರಿ, ದಿಗ್ಬಂಧನ ಮುರಿದದ್ದು ಆತನೇ. ಒಂಬತ್ತು ತಿಂಗಳ ನಂತರ, 1969ರ ಮೇ ತಿಂಗಳಲ್ಲಿ, ಪುಟಾಣಿ ವಿಮಾನಗಳಿಗೆ ರಾಕೆಟ್ ಕಟ್ಟಿಕೊಂಡು ನೈಜೀರಿಯಾದ ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡಿದ್ದೂ ಆತನೇ. ಅವನ ಮನಸ್ಸಿಗೆ ಎರಡೂ ಒಂದೇ ಕೆಲಸದ ಮುಂದುವರಿಕೆಯಾಗಿ ಕಂಡಿರಬೇಕು. ಹಸಿದ ಮಗುವನ್ನು ಕಣ್ಣಾರೆ ಕಂಡವನಿಗೆ ಹಸಿವಿಗೆ ಕಾರಣನಾದವನ ಮೇಲೆ ಸಿಟ್ಟು ಬರದಿರುವುದು ಹೇಗೆ? ಆದರೆ ಅನ್ನ ಒಯ್ದವನೇ ಅಸ್ತ್ರ ಎತ್ತಿದ ಕ್ಷಣ ಅವನ ಹಿಂದೆ ಅನ್ನ ಒಯ್ಯುತ್ತಿದ್ದ ಎಲ್ಲರೂ ವೈರಿಯ ಕಣ್ಣಿಗೆ ಸೈನಿಕರಾದರು. 1969ರ ಜೂನ್ 5ರಂದು ರೆಡ್‌ಕ್ರಾಸ್‌ನ ಆಹಾರದ ವಿಮಾನವೊಂದನ್ನು ನೈಜೀರಿಯಾದ ಯುದ್ಧವಿಮಾನ ಹೊಡೆದುರುಳಿಸಿತು.

ರೆಡ್‌ಕ್ರಾಸ್ ಅಲ್ಲಿಗೆ ತನ್ನ ಹಾರಾಟ ನಿಲ್ಲಿಸಿತು. ಚರ್ಚುಗಳು ನಿಲ್ಲಿಸಲಿಲ್ಲ. ಎರಡು ಬಗೆಯ ಧರ್ಮ ಇಲ್ಲಿ ಎದುರುಬದುರಾಗುತ್ತವೆ. ರೆಡ್‌ಕ್ರಾಸ್‌ನದು ಜಿನೀವಾ ಒಪ್ಪಂದಗಳಿಗೆ ಕಟ್ಟುಬಿದ್ದ ಧರ್ಮ. ಎರಡೂ ಕಡೆಯವರ ಒಪ್ಪಿಗೆ ಇಲ್ಲದೆ ಅದು ಮುಂದೆ ಹೋಗುವಂತಿಲ್ಲ. ನಾಳೆ ಇನ್ನೊಂದು ಯುದ್ಧದಲ್ಲಿ ಅದರ ಬಾಗಿಲು ತೆರೆದಿರಬೇಕಾದರೆ ಇಂದು ಈ ನಿಯಮ ಪಾಲಿಸಲೇಬೇಕು. ಚರ್ಚುಗಳದು ಮಗುವಿನ ಮುಖ ನೋಡಿ ನಿರ್ಧರಿಸುವ ಧರ್ಮ. ಸಾಯುತ್ತಿರುವ ಮಗುವಿಗೆ ಅನ್ನ ಕೊಡಲು ಯಾರ ಅಪ್ಪಣೆ ಬೇಕು ಎಂಬುದು ಅದರ ಪ್ರಶ್ನೆ. ಯಾವುದು ಸರಿ?

ನನ್ನ ಉತ್ತರ ಸ್ಪಷ್ಟವಾಗಿದೆ. ಹಾರಿದ್ದು ಸರಿ. ಯುದ್ಧ ಬೇಗ ಮುಗಿಯಲಿ ಎಂದು ಮಕ್ಕಳನ್ನು ಹಸಿವಿಗೆ ಬಿಡಬೇಕಿತ್ತು ಎಂಬ ವಾದ ಮಗುವನ್ನು ಒತ್ತೆಯಾಳು ಮಾಡುತ್ತದೆ. ಮಗುವಿನ ಸಾವಿನ ಒತ್ತಡದಿಂದ ದೊಡ್ಡವರ ಮನಸ್ಸು ಬದಲಾಗಲಿ ಎನ್ನುವವನೂ, ಮುತ್ತಿಗೆ ಹಾಕಿದವನೂ ಒಂದೇ ಲೆಕ್ಕ ಹಾಕುತ್ತಿದ್ದಾರೆ. ಇನ್ನೊಂದು ಸರಳ ಗಣಿತವನ್ನೂ ಮಾಡಿ ನೋಡಬಹುದು. ಚರ್ಚುಗಳು ತಂದ 60,000 ಟನ್ನನ್ನು ಮುತ್ತಿಗೆಯೊಳಗಿನ ಜನ ನಲವತ್ತು ಲಕ್ಷ ಎಂದಿಟ್ಟುಕೊಂಡು ಹಂಚಿದರೂ ತಲೆಗೆ ಹದಿನೈದು ಕಿಲೋ ಆಗುತ್ತದೆ, ಅದೂ ಸುಮಾರು ಒಂದೂವರೆ ವರ್ಷಕ್ಕೆ. ಇಷ್ಟರಲ್ಲಿ ಒಂದು ಸೇನೆಯನ್ನು ಸಾಕಿ ಯುದ್ಧ ಎಳೆಯಲಾಗದು. ಕ್ವಾಶಿಯೋರ್ಕರ್ ಬಂದ ಮಗುವಿಗೆ ದಿನಕ್ಕೊಂದು ಲೋಟ ಹಾಲು, ಒಂದು ಹಿಡಿ ಮೀನು ಕೊಟ್ಟು ಉಳಿಸಬಹುದು. ಬಯಾಫ್ರಾದ ಜನ ಹೋರಾಟ ಬಿಡದಿದ್ದದ್ದು ಹಾಲಿನ ಪುಡಿಯ ಬಲದಿಂದಲ್ಲ. 1966ರ ಹತ್ಯೆಗಳನ್ನು ಕಂಡಿದ್ದ ಅವರು ಸೋತರೆ ತಮ್ಮನ್ನು ನಿರ್ನಾಮ ಮಾಡುತ್ತಾರೆಂದು ನಂಬಿದ್ದರು.

ಹಾಗಾದರೆ ಚರ್ಚುಗಳ ಮೇಲೆ ತಪ್ಪೇ ಇಲ್ಲವೆ? ಇದೆ. ಆ ತಪ್ಪನ್ನು ಅನ್ನದಲ್ಲಿ ಹುಡುಕಬಾರದು, ಮಾತಿನಲ್ಲಿ ಹುಡುಕಬೇಕು. ಬಯಾಫ್ರಾ ಸರ್ಕಾರ ಜಿನೀವಾದಲ್ಲಿ ಮಾರ್ಕ್‌ಪ್ರೆಸ್ ಎಂಬ ಪ್ರಚಾರ ಸಂಸ್ಥೆಯನ್ನು ಇಟ್ಟುಕೊಂಡಿತ್ತು. ಕ್ರೈಸ್ತರನ್ನು ಮುಸ್ಲಿಮರು ಮುಗಿಸುತ್ತಿದ್ದಾರೆ ಎಂಬ ಕಥೆ ಯೂರೋಪಿನಲ್ಲಿ ಸುಲಭವಾಗಿ ಓಡಿತು. ಕಾಣಿಕೆ ಡಬ್ಬಿಗಳೂ ಬೇಗ ತುಂಬಿದವು. ಆದರೆ ನೈಜೀರಿಯಾದ ಆಡಳಿತ ನಡೆಸುತ್ತಿದ್ದ ಗೋವನ್ ಸ್ವತಃ ಕ್ರೈಸ್ತರು, ಸುವಾರ್ತಾ ಪ್ರಚಾರಕರೊಬ್ಬರ ಮಗ. ಅವರ ಸರ್ಕಾರದಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಅವೊಲೊವೊ ಕೂಡ ಕ್ರೈಸ್ತರು. ಗಡಿಯ ಆ ಕಡೆಯಲ್ಲೂ ಲಕ್ಷಾಂತರ ಕ್ರೈಸ್ತರಿದ್ದರು, ಅಲ್ಲಿನ ಚರ್ಚುಗಳೂ ಯುದ್ಧಸಂತ್ರಸ್ತರಿಗೆ ನೆರವು ಕೊಡುತ್ತಿದ್ದವು. ಅವರ ದನಿ ಯೂರೋಪಿನಲ್ಲಿ ಕೇಳಿಸಲಿಲ್ಲ. ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ಅಧ್ಯಕ್ಷರಲ್ಲೊಬ್ಬರಾಗಿದ್ದ ಅಕಾನು ಇಬಿಯಮ್ ಬಯಾಫ್ರಾದ ಪರವಾಗಿ ನಿಂತು, ಬ್ರಿಟನ್ ಶಸ್ತ್ರ ಕೊಟ್ಟದ್ದನ್ನು ಪ್ರತಿಭಟಿಸಿ ತಮ್ಮ ಸರ್ ಪದವಿಯನ್ನೇ ತ್ಯಜಿಸಿದ್ದರು. ಅದು ಅವರ ಹಕ್ಕು, ಅವರದೇ ಜನರ ನೋವು. ದೂರದ ಚರ್ಚುಗಳಿಗೆ ಇದ್ದ ಕರ್ತವ್ಯ ಬೇರೆ. ಇದು ಧರ್ಮಯುದ್ಧವಲ್ಲ, ಅಧಿಕಾರ, ಭಯ, ತೈಲ ಇವೆಲ್ಲ ಹೆಣೆದುಕೊಂಡ ಯುದ್ಧ ಎಂದು ಅವು ತಮ್ಮ ಕಾಣಿಕೆದಾರರಿಗೆ ಹೇಳಬೇಕಿತ್ತು. ನಮ್ಮ ಹಣದ ಒಂದು ಪಾಲು ಸರ್ಕಾರದ ಕೈಗೆ ಹೋಗುತ್ತಿದೆ ಎಂದೂ, ಹಗಲಿನ ಹಾರಾಟ ಬೇಡವೆನ್ನುತ್ತಿರುವುದು ನಾವು ಸಾಕುತ್ತಿರುವ ಜನರ ನಾಯಕರೇ ಎಂದೂ ಹೇಳಬೇಕಿತ್ತು. 1969ರಲ್ಲಿ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನ ನೆರವಿನ ವಿಭಾಗ ತನ್ನ ಕೆಲಸದ ರಾಜಕೀಯ ಪರಿಣಾಮಗಳ ಬಗ್ಗೆ, ಯುದ್ಧ ಎಳೆಯುತ್ತಿದ್ದೇವೆಂಬ ಆರೋಪದ ಬಗ್ಗೆ ಬಹಿರಂಗವಾಗಿ ಕಳವಳ ವ್ಯಕ್ತಪಡಿಸಿತು. ಪ್ರಾಮಾಣಿಕವಾದ ಮಾತು ಅದು. ಬಂದದ್ದು ತಡವಾಗಿ.

ತಪ್ಪಿನ ಬೆಲೆ ಕೊಟ್ಟವರು ಯಾರು? 1970ರ ಜನವರಿ 15ರಂದು ಬಯಾಫ್ರಾ ಶರಣಾಯಿತು. ಹೆದರಿದ್ದ ನರಮೇಧ ನಡೆಯಲಿಲ್ಲ. ಗೆದ್ದವರಿಲ್ಲ, ಸೋತವರಿಲ್ಲ ಎಂದು ಗೋವನ್ ಸಾರಿದರು. ಆದರೆ ಬಯಾಫ್ರಾಕ್ಕೆ ಅನ್ನ ತಂದವರಿಗೆ ಆ ಕ್ಷಮೆ ಸಿಗಲಿಲ್ಲ. ಕಾರಿಟಾಸ್, ಜಾಯಿಂಟ್ ಚರ್ಚ್ ಏಡ್ ಮುಂತಾದವುಗಳ ನೆರವು ಬೇಡವೆಂದು ನೈಜೀರಿಯಾ ಹೇಳಿತು. ಉಳಿದಿದ್ದ ವಿದೇಶಿ ಪಾದ್ರಿಗಳು, ಸಿಸ್ಟರುಗಳು ಅಕ್ರಮವಾಗಿ ದೇಶ ಪ್ರವೇಶಿಸಿದರೆಂಬ ಆರೋಪದ ಮೇಲೆ ಪೋರ್ಟ್ ಹಾರ್ಕೋರ್ಟ್‌ನಲ್ಲಿ ವಿಚಾರಣೆಗೆ ಗುರಿಯಾಗಿ ಗಡೀಪಾರಾದರು. ಹಳ್ಳಿಹಳ್ಳಿಯಲ್ಲಿ ಯಾವ ಮಗು ಎಲ್ಲಿ ಮಲಗಿದೆ ಎಂದು ತಿಳಿದಿದ್ದವರು ಅವರು. ಜನಕ್ಕೆ ಅವರು ಹೆಚ್ಚು ಬೇಕಾಗಿದ್ದ ವಾರಗಳಲ್ಲೇ ಅವರು ಇಲ್ಲವಾದರು. ಮುಂದೆ ಇಗ್ಬೋ ಪಾದ್ರಿಗಳೇ ಆ ಚರ್ಚುಗಳನ್ನು ನಡೆಸಿದರು, ಚೆನ್ನಾಗಿಯೇ ನಡೆಸಿದರು. ನೆರವು ಎಂಬುದು ಕೊನೆಗೆ ನಿಲ್ಲುವುದು ಆ ಊರಿನವರ ಕಾಲ ಮೇಲೆ ಎಂಬ ಪಾಠವೂ ಅದರಲ್ಲಿದೆ.

ಬಯಾಫ್ರಾದಿಂದ ಜಗತ್ತು ಕಲಿಯದೆ ಇರಲಿಲ್ಲ. ಅಲ್ಲಿ ರೆಡ್‌ಕ್ರಾಸ್‌ಗಾಗಿ ದುಡಿದ ಫ್ರೆಂಚ್ ವೈದ್ಯರಲ್ಲಿ ಕೆಲವರು ಆ ಸಂಸ್ಥೆಯ ಮೌನವನ್ನು ಒಪ್ಪದೆ ಹೊರಬಂದರು. 1971ರಲ್ಲಿ ಮೆಡಿಸಾನ್ ಸಾನ್ ಫ್ರಾಂಟಿಯೇರ್ ಎಂಬ ಗಡಿಯಿಲ್ಲದ ವೈದ್ಯರ ಸಂಸ್ಥೆ ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಅವರೂ ಇದ್ದರು. ಐರ್ಲೆಂಡಿನ ಕನ್ಸರ್ನ್ ಎಂಬ ಸಂಸ್ಥೆ ಹುಟ್ಟಿದ್ದು 1968ರಲ್ಲಿ, ಇದೇ ಹಸಿವಿಗೆ ಸ್ಪಂದಿಸಿ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಹೆಚ್ಚುವರಿ ವಿಧಿಗಳು ನಾಗರಿಕರನ್ನು ಹಸಿವಿಗೆ ದೂಡುವುದನ್ನು ಯುದ್ಧತಂತ್ರವಾಗಿ ಬಳಸಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿದವು. 2018ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅದನ್ನೇ ಮತ್ತೊಮ್ಮೆ ಖಂಡಿಸಬೇಕಾಯಿತು. ಮತ್ತೆ ಖಂಡಿಸಬೇಕಾಯಿತು ಎಂದರೆ ಆ ಅಸ್ತ್ರ ಇನ್ನೂ ಬಳಕೆಯಲ್ಲಿದೆ ಎಂದೇ ಅರ್ಥ. ಅನ್ನ ಹೊತ್ತು ಹೋಗುವವರು ಇನ್ನೂ ಬೇಕು, ಅವರಿಗೆ ಇದೇ ಇಕ್ಕಟ್ಟು ಮತ್ತೆ ಮತ್ತೆ ಎದುರಾಗುತ್ತದೆ.

ಕೊಡುವುದಕ್ಕೂ ಲೆಕ್ಕ ಕೇಳುವುದಕ್ಕೂ ವಿರೋಧವಿದೆ ಎಂದು ನಾವು ತಿಳಿದಿದ್ದೇವೆ. ಲೆಕ್ಕ ಕೇಳಿದರೆ ಕೊಟ್ಟದ್ದು ಸಣ್ಣದಾಗುತ್ತದೆ ಎಂಬ ಸಂಕೋಚ ನಮ್ಮದು. ಕೈಯಿಂದ ಕೈಗೆ ಹೋಗುವ ತುತ್ತಿಗೆ ಆ ಸಂಕೋಚ ಒಪ್ಪುತ್ತದೆ. ಆದರೆ ಸಂಸ್ಥೆಯ ಮೂಲಕ, ಸಮುದ್ರ ದಾಟಿ, ಯುದ್ಧದೊಳಗೆ ಹೋಗುವ ದಾನವನ್ನು ಎಡಗೈ ಗಮನವಿಟ್ಟು ನೋಡುತ್ತಿರಬೇಕು. ಹಣ ಯಾರ ಕೈದಾಟಿ ಹೋಗುತ್ತಿದೆ, ಹೇಳುತ್ತಿರುವ ಕಥೆಯಲ್ಲಿ ಬಿಟ್ಟುಹೋದವರು ಯಾರು, ಹಂಚುತ್ತಿರುವವರು ಊರಿನವರೋ ಹೊರಗಿನವರೋ ಎಂದು ಕೇಳಬೇಕು. ಹೀಗೆ ಕೇಳುವುದು ಕೊಡದಿರಲು ಹುಡುಕುವ ನೆಪವಾಗಬಾರದು. ಮಗು ಮೊದಲು ಉಣ್ಣಲಿ, ಪ್ರಶ್ನೆಗಳು ಜೊತೆಜೊತೆಗೇ ಬರಲಿ. ಆ ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರಿಸುವ ಸಂಸ್ಥೆ, ಅದು ಚರ್ಚಿನದಾಗಲಿ, ಮಠದ್ದಾಗಲಿ, ಮಸೀದಿಯದಾಗಲಿ, ನಮ್ಮ ದುಡ್ಡಿಗೂ ನಂಬಿಕೆಗೂ ಅರ್ಹ.

ಬಯಾಫ್ರಾ ಶರಣಾದ ದಿನ ಸಾವೊ ಟೊಮೆ ದ್ವೀಪದ ಗೋದಾಮುಗಳಲ್ಲಿ ಚರ್ಚುಗಳ ಆಹಾರದ ದಾಸ್ತಾನು ಇನ್ನೂ ಇತ್ತು. ವಿಮಾನಗಳಿದ್ದವು, ದಾರಿ ಬಲ್ಲ ಪೈಲಟ್‌ಗಳಿದ್ದರು, ಯುದ್ಧವೂ ನಿಂತಿತ್ತು. ಕಡಲಾಚೆ ಲಕ್ಷಾಂತರ ಜನ ಹಸಿದಿದ್ದರು. ಗುಂಡುಗಳ ನಡುವೆ 5,300 ಬಾರಿ ಹಾರಿದ್ದ ಆ ಅನ್ನಕ್ಕೆ, ಶಾಂತಿ ಬಂದ ಮೇಲೆ, ಇಳಿಯಲು ಅಪ್ಪಣೆ ಸಿಗಲಿಲ್ಲ.